ಅರ್ಥವಾಗದೆ ಓದಿದ ಮೂರು ಪುಟ

ಐದನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ಹಿರೇಕೆರೂರಿನ ನನ್ನ ಅಂಗಡಿಗೆ ಬಂದ ಯಾವ ಮೋಟಾರನ್ನೂ ‘ಇದು ನನ್ನಿಂದ ಆಗದು’ ಎಂದು ತಿರುಗಿ ಕಳಿಸಿದವನಲ್ಲ. ಸುಟ್ಟ ಕಾಯಿಲ್ ಬಿಚ್ಚಿ ಹೊಸ ತಂತಿ ಸುತ್ತಿ ಕೊಟ್ಟರೆ ಅದು ತಿರುಗಲೇಬೇಕು. ಪೇಪರನ್ನೂ ದಿನಾ ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಕಲಿತವರಿಗಿಂತ ನಾನೇನು ಕಡಿಮೆ ಎಂಬ ಹಟ, ಅಷ್ಟೇ.

ಹೋದ ವರ್ಷ ಒಂದು ದಿನ ನರ್ಸಬಾಯಿಯವರ ಮನೆಗೆ ನೀರಿನ ಮೋಟಾರು ಕೂಡಿಸಲು ಹೋಗಿದ್ದೆ. ಕರಾವಳಿಯಿಂದ ಇಲ್ಲಿನ ದವಾಖಾನೆಯ ಕೆಲಸಕ್ಕೆ ಬಂದು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದ ಕ್ರೈಸ್ತ ಹೆಣ್ಣುಮಗಳು. ನನ್ನ ಇಬ್ಬರು ಮಕ್ಕಳ ಹೆರಿಗೆ ಮಾಡಿಸಿದ್ದು ಅವರೇ. ಈಗ ಕಣ್ಣು ಪೂರಾ ಮಂಜಾಗಿ, ಬಂದವರನ್ನು ದನಿಯಿಂದ ಗುರುತಿಸುತ್ತಾರೆ.

ಕೊನೆಯ ಬೋಲ್ಟ್ ಬಿಗಿಯುತ್ತಿದ್ದಾಗ ಅವರಿಗೆ ಫೋನ್ ಬಂತು. ನನಗೆ ತಿಳಿಯದ ಕೊಂಕಣಿ ಮಾತು. ಕೇಳುತ್ತಲೇ ಅವರು ಕುರ್ಚಿ ತಡವಿ ಹಿಡಿದು ಕೂತರು.

“ತಮ್ಮಾ, ಊರಾಗ ನಮ್ಮ ಅಕ್ಕ ಹೊಂಟಾಳ. ಸಾಯೋ ಮುಂದ ಹೇಳೋ ಪ್ರಾರ್ಥನಾ ಐತಲ್ಲ, ಸೊಸಿ ಹೊಸಾ ಪುಸ್ತಕದಾಗಿಂದು ಓದಿದ್ರ ಬ್ಯಾಡಂತ ತಲಿ ಅಲ್ಲಾಡಸ್ತಾಳಂತ. ಹಳೇದ ಬೇಕಂತ. ಅದು ಇರೋದು ನನ್ನ ಕಡೆ. ನನಗರ ಕಣ್ಣಿಲ್ಲ.”

“ನಿಮಗ ಬಾಯಿಪಾಠ ಬರೂದಿಲ್ಲೇನ್ರಿ, ಬಾಯಾರ?”

“ಉತ್ತರ ಅಷ್ಟ ಬರ್ತೈತಿ. ಮುಂದಾಗಿ ಹೇಳಾಂವ ನಮ್ಮಪ್ಪ. ನಾವಿಬ್ರು ಮೊಣಕಾಲೂರಿ ಉತ್ತರ ಕೊಡಾವ್ರು. ನೀ ಓದು.”

“ನಾ ನಿಮ್ಮ ಮಂದಿ ಅಲ್ಲಲ್ರಿ. ನಡೀತೈತೇನು?”

“ನಿನ್ನ ಹೆಂಡ್ತಿ ಬ್ಯಾನಿ ತಿನ್ನುವಾಗ ನಾ ಯಾರ ಮಂದಿ ಅಂತ ಕೇಳಿದ್ಲೇನು?”

ನಾನು ಕೈ ಒರೆಸಿಕೊಂಡೆ.

ಕಪಾಟಿನಿಂದ ಬಟ್ಟೆ ಸುತ್ತಿದ ಪುಸ್ತಕ ತೆಗೆದುಕೊಟ್ಟರು. ಅಂಗೈಯಗಲದ್ದು, ಆದರೆ ದಪ್ಪ. ನೂಲಿನಿಂದ ಎಷ್ಟೋ ಸಲ ಹೊಲಿದದ್ದು. ರಿಬ್ಬನ್ ಇಟ್ಟ ಪುಟ ತೆರೆದರೆ ಕನ್ನಡ ಅಕ್ಷರ. ಹುಮ್ಮಸ್ಸಿನಿಂದ ಮೊದಲ ಸಾಲಿಗೆ ಕಣ್ಣು ಹಾಯಿಸಿದೆ. ಒಂದು ಪದವೂ ತಿಳಿಯಲಿಲ್ಲ. ಎರಡನೆಯ ಸಾಲೂ ಅಷ್ಟೇ. ಪ್ರತಿ ಅಕ್ಷರವೂ ಗೊತ್ತು, ಕೂಡಿಸಿದರೆ ಏನೂ ಇಲ್ಲ. ಇಷ್ಟು ವರ್ಷ ಓದುತ್ತೇನೆ ಎಂದುಕೊಂಡದ್ದೆಲ್ಲ ಸುಳ್ಳೇ ಎನಿಸಿತು.

“ಚಷ್ಮಾ ಅಂಗಡ್ಯಾಗ ಬಿಟ್ಟು ಬಂದೇನ್ರಿ,” ಎಂದೆ.

“ಮೊನ್ನೆ ಪೇಪರ್ ಓದಿ ಹೇಳಿದಾಗ ಇತ್ತೇನು ಚಷ್ಮಾ? ತಮ್ಮಾ, ಅಕ್ಷರ ಕನ್ನಡ, ಮಾತು ಕೊಂಕಣಿ. ನಮ್ಮ ಪುಸ್ತಕ ಹಂಗ ಇರ್ತಾವ. ತಿಳೀದಿದ್ರ ಬಿಡು, ಇದ್ದಾಂಗ ಹೇಳಕೋತ ಹೋಗು.”

ಫೋನನ್ನು ದೊಡ್ಡ ದನಿಗೆ ಹಾಕಿ ಮೇಜಿನ ಮೇಲಿಟ್ಟರು. ಆ ಕಡೆ ಎಳೆದೆಳೆದು ಬಿಡುವ ಉಸಿರು ಮಾತ್ರ ಕೇಳುತ್ತಿತ್ತು. ನಾನೊಂದು ಸಾಲು ಓದಿದೆ. ನರ್ಸಬಾಯಿ ನಾಲ್ಕು ಪದದ ಉತ್ತರ ಕೊಟ್ಟರು. ಮತ್ತೊಂದು ಸಾಲು, ಮತ್ತೆ ಅದೇ ನಾಲ್ಕು ಪದ. ಮೊದಮೊದಲು ತಡವರಿಸಿದೆ. ಅರ್ಥ ಹುಡುಕುವುದು ಬಿಟ್ಟ ಮೇಲೆ ನಾಲಗೆಗೆ ಅದರ ನಡಿಗೆ ಸಿಕ್ಕಿತು.

ಎರಡನೆಯ ಪುಟದ ನಡುವೆ ಉತ್ತರ ಕೊಡುವ ದನಿ ಎರಡಾಯಿತು. ಇನ್ನೊಂದು ಫೋನಿನೊಳಗಿಂದ ಬರುತ್ತಿತ್ತು. ಸಣ್ಣಗೆ, ಅರ್ಧರ್ಧ ಪದ. ನರ್ಸಬಾಯಿಯವರ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿಯಿತು. ಯಾರೂ ನಿಲ್ಲಿಸೆನ್ನಲಿಲ್ಲ, ನಾನೂ ನಿಲ್ಲಿಸಲಿಲ್ಲ. ಮೂರೂ ಪುಟ ಮುಗಿಸಿದೆ.

“ಅಕ್ಕ ಉತ್ತರ ಕೊಟ್ಲು,” ಎಂದರು ಅವರು. “ಎರಡು ದಿನದಿಂದ ಮಾತು ನಿಂತಿತ್ತಂತ.”

ಫೋನ್ ಇಟ್ಟ ಮೇಲೆ ಚಹಾ ಕುಡಿಯುತ್ತ ಆ ಪುಸ್ತಕದ ಕತೆ ಹೇಳಿದರು. ಅಜ್ಜಿಯ ಕಾಲದಲ್ಲಿ ಚರ್ಚಿನ ಪೂಜೆ ಲ್ಯಾಟಿನ್ನಿನಲ್ಲಿ. ಪಾದ್ರಿ ಬೆನ್ನು ತಿರುಗಿಸಿ ಹೇಳಿದ್ದು ಜನಕ್ಕೆ ತಿಳಿಯುತ್ತಿರಲಿಲ್ಲ. ಪಾದ್ರಿ ತಮ್ಮದು ಹೇಳುತ್ತಿದ್ದರೆ ಓದಬಲ್ಲವರು ತಮ್ಮ ಮಾತಿನ ಸಣ್ಣ ಪುಸ್ತಕ ಬಿಚ್ಚಿ ತಮ್ಮದು ಓದಿಕೊಳ್ಳುತ್ತಿದ್ದರು. ಮುಂದೆ ಪೂಜೆಯೇ ಜನರ ಮಾತಿಗೆ ಬಂತು, ಹೊಸ ಪುಸ್ತಕ ಬಂದವು, ಹಳೆಯವು ಟ್ರಂಕು ಸೇರಿದವು. ಅವರದು ಟ್ರಂಕಿನಲ್ಲೇ ಹಿರೇಕೆರೂರಿಗೆ ಬಂತು. “ಇಲ್ಲಿ ಪಾದ್ರಿ ಬರೋದು ಯಾವಾಗರ ಒಮ್ಮೆ. ನನಗ ಇದ ಗುಡಿ ಆತು.”

ಪುಸ್ತಕ ಮುಚ್ಚಲು ಹೋದಾಗ ಕಂಡಿತು. ಪುಟದ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಕಪ್ಪು ಗುರುತು, ಕಾಯಿಲಿಗೆ ಹಚ್ಚುವ ವಾರ್ನಿಶ್ಶಿನದು.

“ತಪ್ಪಾತ್ರಿ ಬಾಯಾರ, ಕಲಿ ಬಿತ್ತು. ಒರಸ್ತೇನಿ.”

“ಬ್ಯಾಡ. ಅದರ ಬಾಜೂಕ ಏನೈತಿ ನೋಡು.”

ನೋಡಿದೆ. ಕಾಗದ ಸವೆದು ಬಟ್ಟೆಯಂತೆ ಮೆತ್ತಗಾದಲ್ಲಿ ಇನ್ನೊಂದು ಹೆಬ್ಬೆರಳು, ಮಾಸಿದ ಕೆಂಪು. ಅವರ ಅಪ್ಪ ಹಂಚಿನ ಕಾರ್ಖಾನೆಯ ಕೂಲಿ. ಎಷ್ಟು ತೊಳೆದರೂ ಕೈಯ ಮಣ್ಣು ಹೋಗುತ್ತಿರಲಿಲ್ಲವಂತೆ. ನೆರೆಮನೆಯಲ್ಲಿ ಯಾರು ಸಾಯುವಂತಾದರೂ ಈ ಪುಟ ಹಿಡಿದು ಹೋಗುತ್ತಿದ್ದರಂತೆ.

“ಅವರು ಎಷ್ಟು ಕಲಿತಿದ್ದರ್ರಿ?” ಎಂದೆ.

“ನಿನಗಿಂತ ಒಂದು ಇಯತ್ತೆ ಕಡಿಮಿ.”

ಮರುದಿನ ಮಧ್ಯಾಹ್ನ ಅಕ್ಕ ತೀರಿದ ಸುದ್ದಿ ಬಂತು. ಅಂಗಡಿಯ ಬಾಗಿಲು ಎಳೆದು ಹೋದೆ. ನನ್ನ ಹೆಜ್ಜೆಯ ಸಪ್ಪಳ ಕೇಳಿಯೇ ನರ್ಸಬಾಯಿ ಪುಸ್ತಕ ಮುಂದೆ ಹಿಡಿದರು.

“ಮುಂದಿನ ಪುಟ ತಿರುವು, ತಮ್ಮಾ. ಸತ್ತವ್ರಿಗೆ ಓದೋದು ಅಲ್ಲಿಂದ ಸುರು.”