ಮಧ್ಯಾಹ್ನದ ಎರಡಿಂಚು

ನಮ್ಮ ಯಜಮಾನರ ಮೈಯಲ್ಲಿ ಕೊನೆಗೆ ಆಡುತ್ತಿದ್ದದ್ದು ಕಣ್ಣು ಮಾತ್ರ. ಮಿಕ್ಕಿದ್ದನ್ನೆಲ್ಲ ನರದ ಕಾಯಿಲೆ ತಿಂದುಹಾಕಿತ್ತು. ಹಾಗಾಗಿ ಸುಂಕದಕಟ್ಟೆಯ ನಮ್ಮ ಮನೆಗೆ ಆ ಯಂತ್ರ ಬಂತು. ಮಂಚಕ್ಕೆ ಸಿಕ್ಕಿಸಿದ ಒಂದು ಪರದೆ, ಅದರ ಕೆಳಗೆ ಕ್ಯಾಮೆರಾ. ಅವರು ನೋಡಿದ ಕಡೆ ಪರದೆಯ ಮೇಲೆ ಕೆಂಪು ಚುಕ್ಕಿ ಬಂದು ನಿಲ್ಲಬೇಕು. ಎಡಗಡೆ ‘ಬೇಕು’, ಪಕ್ಕದಲ್ಲೇ ಬಲಗಡೆ ‘ಬೇಡ’.

ಜೋಡಿಸಲು ಬಂದಿದ್ದ ಹುಬ್ಬಳ್ಳಿ ಕಡೆಯ ಹುಡುಗಿ ಅವರಿಂದ ಪರದೆಯ ಮೇಲಿನ ಒಂಬತ್ತು ಗುರುತು ನೋಡಿಸಿ, ನೋಟದ ಅಳತೆ ತೆಗೆದು, “ಎಲ್ಲಾ ಬರೋಬ್ಬರಿ ಬಂದೈತ್ರಿ ಅಕ್ಕಾರ” ಅಂದಳು. ಬೇರೆಯವರು ತೆಗೆದ ಅಳತೆಯನ್ನು ನಂಬುವವಳಲ್ಲ ನಾನು. ಇಪ್ಪತ್ತು ವರ್ಷ ಬ್ಲೌಸ್ ಹೊಲಿದ ಕೈ. ಮಾರನೆಯ ಬೆಳಿಗ್ಗೆ ನನ್ನ ಹಣೆಯ ಸ್ಟಿಕ್ಕರ್ ಕಿತ್ತು ಪರದೆಗೆ ಅಂಟಿಸಿ, “ಇದನ್ನ ನೋಡ್ರೀ” ಅಂದೆ. ಚುಕ್ಕಿ ನಿಂತ ಜಾಗಕ್ಕೆ ಟೇಪು ಹಿಡಿದೆ. ಕಾಲಿಂಚೂ ವ್ಯತ್ಯಾಸವಿಲ್ಲ. ಒಂದು ಸಲ ಸರಿಯಾಗಿ ತೆಗೆದ ಅಳತೆಯನ್ನು ಮತ್ತೆ ತೆಗೆಯುವ ಅಭ್ಯಾಸ ನನಗಿಲ್ಲ. ಟೇಪು ಸುತ್ತಿಟ್ಟೆ.

ಬೆಳಿಗ್ಗೆಯೆಲ್ಲ ಅವರು ಚೆನ್ನಾಗಿಯೇ ಉತ್ತರ ಕೊಡುತ್ತಿದ್ದರು. ಮಧ್ಯಾಹ್ನವಾಯಿತೆಂದರೆ ಎಲ್ಲದಕ್ಕೂ ಬೇಡ. ರೇಡಿಯೋ ಬೇಡ, ಫ್ಯಾನ್ ಬೇಡ. “ಮಗ್ಗುಲು ಬದಲಿಸ್ಲಾ?” ಅದೂ ಬೇಡ. ಸೊಂಟದ ಹತ್ತಿರ ಚರ್ಮ ಕೆಂಪಾಯಿತು, ಆಮೇಲೆ ಹುಣ್ಣಾಯಿತು. “ಮಲಗಿದ್ರೂ ನಿಮ್ ಹಠ ಹೋಗ್ಲಿಲ್ಲ ನೋಡಿ” ಎಂದು ರೇಗಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಆ ನೋಟ ಯಾಕೋ ಸಹಿಸಲಾಗದೆ ಹೊಲಿಗೆ ಮಿಷನ್ನಿನ ಮುಂದೆ ಹೋಗಿ ಕೂತೆ.

ಅವರ ಉಸಿರು ಸೋಲತೊಡಗಿದಾಗ ಡಾಕ್ಟರು ಮನೆಗೇ ಬಂದರು. ಮಧ್ಯಾಹ್ನ ಮೂರು ಗಂಟೆ. “ಸಾರ್, ಗಂಟಲಲ್ಲಿ ತೂತು ಮಾಡಿ ಉಸಿರಾಟದ ಮೆಷಿನ್ ಹಾಕ್ಬೇಕಾಗುತ್ತೆ. ಹಾಕ್ದಿದ್ರೆ ಜಾಸ್ತಿ ದಿನ ಇರಲ್ಲ. ಹಾಕೋಣ್ವಾ? ನೀವೇ ಹೇಳ್ಬೇಕು.”

ಚುಕ್ಕಿ ‘ಬೇಡ’ದ ಮೇಲೆ ಹೋಗಿ ಕೂತಿತು. ಡಾಕ್ಟರು ಇನ್ನೊಂದು ಸಲ ಕೇಳಿದರು. ಮತ್ತೆ ಅದೇ. ಬರೆದುಕೊಂಡು ಹೊರಟರು.

ಬದುಕುವುದೂ ಬೇಡವಾಯಿತೇ ಇವರಿಗೆ? ಅವರ ಮುಖ ಒರೆಸಲು ಬಗ್ಗಿದಾಗ ನೋಡಿದೆ, ತಲೆ ದಿಂಬಿನಿಂದ ಜಾರಿ ಒಂದು ಕಡೆಗೆ ವಾಲಿತ್ತು. ದಿನಾ ಊಟದ ಹೊತ್ತಿಗೆ ಹಾಗೆ ಜಾರುತ್ತಿತ್ತು, ಸಂಜೆ ಹಾಸಿಗೆ ಕೊಡವುವಾಗಲೇ ನಾನದನ್ನು ಸರಿಮಾಡುತ್ತಿದ್ದೆ. ನನ್ನ ಹಣೆಯ ಸ್ಟಿಕ್ಕರ್ ಕಿತ್ತು ‘ಬೇಕು’ ಮೇಲೆ ಅಂಟಿಸಿದೆ.

“ಇದನ್ನ ನೋಡ್ರೀ.”

ಚುಕ್ಕಿ ‘ಬೇಡ’ದ ಮೇಲೆ ನಿಂತಿತು. ಟೇಪು ಹಿಡಿದೆ. ಎರಡಿಂಚು.

ತಲೆ ಎತ್ತಿ ದಿಂಬು ಸರಿಮಾಡಿದೆ. ಮತ್ತೆ ಅಳೆದೆ, ಚುಕ್ಕಿ ಸ್ಟಿಕ್ಕರಿನ ಮೇಲೇ ಬಂತು. ಆಗ ಡಾಕ್ಟರ ಪ್ರಶ್ನೆಯನ್ನೇ ಕೇಳಿದೆ. ಬೇಕು. ಅಳುತ್ತಲೇ ಡಾಕ್ಟರಿಗೆ ಫೋನ್ ಮಾಡಿ, ಅವರು ಬರೆದುಕೊಂಡದ್ದನ್ನು ಹೊಡೆದುಹಾಕಿಸಿದೆ.

ಫೋನಿಟ್ಟ ಮೇಲೆ ಇನ್ನೊಂದು ಮಾತು ಉಳಿದಿತ್ತು. ಕೇಳಲು ನನಗೆ ಭಯವಾಗುತ್ತಿತ್ತು. ಆದರೂ ಕೇಳಿದೆ.

“ಮಗ್ಗುಲು ಬದಲಿಸ್ಲಾ?”

ಚುಕ್ಕಿ ‘ಬೇಕು’ ಮೇಲೆ ಬಂತು. ನಾನು ಎದ್ದು ಅವರ ಸೊಂಟದ ಕೆಳಗೆ ಕೈ ಹಾಕುವವರೆಗೂ ಅಲ್ಲಿಂದ ಅಲುಗಲಿಲ್ಲ.