ನಂಜತ್ತೆಯ ಹೊಲದ ತೂತು

ನಂಜತ್ತೆ ಸುಳ್ಳು ಹೇಳುವಾಗ ಮಾತು ನೀರಿನಂತೆ ಹರಿಯುತ್ತಿತ್ತು. ನಿಜ ಹೇಳಬೇಕಾದಾಗ ಮಾತ್ರ ತಡವರಿಸುತ್ತಿದ್ದಳು. ಅವಳು ನಮ್ಮಪ್ಪನ ಅಕ್ಕ. ಕಂಬೈನಲ್ಲೂರಿನ ಸಂತೆಯಲ್ಲಿ ತಮಿಳಿನಲ್ಲಿ ಚೌಕಾಸಿ ಮಾಡುವಳು, ದನಗಳಿಗೆ ಕನ್ನಡದಲ್ಲಿ ಬೈಯುವಳು, ದೇವರೊಡನೆ ಎರಡನ್ನೂ ಬೆರೆಸಿ ಜಗಳವಾಡುವಳು. ಗಂಡ ಹೋದ ಮೇಲೆ ಒಬ್ಬಳೇ ಕಡಲೆಕಾಯಿ ಬೆಳೆಯುತ್ತಿದ್ದ ಹೊಲದ ಬದುವಿನ ಮೇಲೆ ಯಾರಾದರೂ ಎರಡು ನಿಮಿಷ ನಿಂತರೂ, "ಏನ್ ಕಣ್ಣು, ದಾರಿ ತಪ್ತಾ?" ಎಂದು ತಮಿಳರ ಮುದ್ದಿನ ಮಾತು ಸೇರಿಸಿಯೇ ಕೂಗುತ್ತಿದ್ದಳು.

ಅದೇ ಹೊಲಕ್ಕೆ ಸೀಸ, ಸತು ಹುಡುಕುವವರ ಕೊರೆಯುವ ಯಂತ್ರ ಬಂತು. ಊರವರು ಬೋರ್‌ವೆಲ್ ಎಂದುಕೊಂಡು ಬಿಂದಿಗೆ ಹಿಡಿದು ನಿಂತರು. ಬಂದದ್ದು ಕಲ್ಲು, ಮಣಿಕಟ್ಟಿನಷ್ಟು ದಪ್ಪದ ಕಲ್ಲಿನ ಕೋಲುಗಳು. ಅವನ್ನು ಆಳದ ಕ್ರಮದಲ್ಲೇ ತಗಡಿನ ಪೆಟ್ಟಿಗೆಗಳಲ್ಲಿ ಜೋಡಿಸಿಡುತ್ತಿದ್ದರು.

ಏನು ಸಿಕ್ಕರೆ ಗಣಿ ಮಾಡುತ್ತೀರಿ ಎಂದು ಅತ್ತೆ ಅಲ್ಲಿದ್ದ ಭೂವಿಜ್ಞಾನಿಯನ್ನು ಕೇಳಿದಳು. ಆತ ಸೇಲಂ ಕಡೆಯವನು, ಸಂಭಾವಿತ. "ಸೀಸ ಸಿಗಬೇಕು ಪಾಟಿ, ಪಳಪಳ ಹೊಳೆಯುತ್ತೆ" ಎಂದು ಅವಳನ್ನು ಅಜ್ಜಿಯೆಂದೇ ಕರೆದು ತಮಿಳಿನಲ್ಲಿ ಹೇಳಿಬಿಟ್ಟ.

ಹೊಳೆಯುವ ಕಲ್ಲು ಕಂಡರೆ ಹೊಲ ಹೋಯಿತು. ಅತ್ತೆಗೆ ಅಷ್ಟು ಸಾಕಾಯಿತು.

ಮರುದಿನ ಕೆಲಸದವರು ಊಟಕ್ಕೆ ಕೂತಾಗ ಪೆಟ್ಟಿಗೆಯಿಂದ ಒಂದು ತುಂಡು ಮಾಯವಾಯಿತು. ಸಾಲಿನಲ್ಲಿ ಜಾಗ ಖಾಲಿ ಕಾಣಬಾರದೆಂದು ಅತ್ತೆ ಅಲ್ಲಿ ತನ್ನ ಅಡುಗೆಮನೆಯ ಅರೆಯುವ ಗುಂಡುಕಲ್ಲನ್ನು ಮಲಗಿಸಿದ್ದಳು. ಭೂವಿಜ್ಞಾನಿ ಅದನ್ನು ಎತ್ತಿದ, ತಿರುಗಿಸಿದ, ಮೂಗಿನ ಹತ್ತಿರ ಹಿಡಿದ.

"ಪಾಟಿ, ಇಷ್ಟು ಆಳದಲ್ಲಿ ಬೆಳ್ಳುಳ್ಳಿ ವಾಸನೆ ಬರ್ತಿದೆಯಲ್ಲ?"

"ಬರ್ದೇ ಏನಪ್ಪ? ಭೂಮ್ತಾಯಿನೂ ಸಾರು ಮಾಡ್ಬೇಕಲ್ಲ!"

ಈ ಮಾತು ಅವಳೇ ಹೇಳಿದ್ದೋ, ನಮ್ಮ ಮನೆಯಲ್ಲಿ ಹೇಳಿ ಹೇಳಿ ಹುಟ್ಟಿದ್ದೋ, ನಾನು ಆಣೆಯಿಟ್ಟು ಹೇಳಲಾರೆ. ಆತ ನಕ್ಕದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ನಗು ಮುಗಿಸಿ, ಆ ತುಂಡು ಸಿಗದಿದ್ದರೆ ಪಕ್ಕದಲ್ಲೇ ಇನ್ನೊಂದು ತೂತು ಕೊರೆಯಬೇಕಾಗುತ್ತದೆ ಎಂದ.

ಅತ್ತೆಯ ಮುಖ ಇಳಿಯಿತು. ಒಳಗೆ ಹೋಗಿ ರಾಗಿ ಡ್ರಮ್ಮಿಗೆ ಮೊಳಕೈವರೆಗೆ ಕೈಹಾಕಿ ಕಲ್ಲನ್ನು ತೆಗೆದಳು. "ಅದು... ನಾನು... ಬೆಚ್ಚಗಿರ್ಲಿ ಅಂತ" ಎಂದು ತಡವರಿಸಿದಳು.

ಆತ ರಾಗಿ ಒರೆಸಿ ನೋಡಿದ. ಹೊಳೆಯುತ್ತಿದ್ದುದು ಬರೀ ಕಾಗೆಬಂಗಾರ. ಅವಳು ಮುಟ್ಟದೆ ಬಿಟ್ಟಿದ್ದ ಮಂಕು ಕಂದು ಕಲ್ಲನ್ನು ತೋರಿಸಿ, "ಸತು ಇದ್ದರೆ ಇದರಲ್ಲಿ" ಎಂದ.

"ಅಯ್ಯಯ್ಯೋ, ಮೂತಿ ನೋಡಿ ಮೋಸ ಹೋದ್ನಲ್ಲಾ!" ಎಂದು ಅತ್ತೆ ನನ್ನ ಬೆನ್ನಿಗೆ ಗುದ್ದಿದಳು.

ಪೆಟ್ಟಿಗೆಗಳು ಲಾರಿ ಹತ್ತಿ ಹೋದವು. ತೂತಿನ ಬಾಯಿಗೆ ಸಿಮೆಂಟು ಬಿತ್ತು. ಸತು ಸಿಕ್ಕಿತೋ ಇಲ್ಲವೋ, ನಮಗೆ ಯಾರೂ ತಿಳಿಸಲಿಲ್ಲ. ಅತ್ತೆ ಸಿಮೆಂಟಿನ ಸುತ್ತಲೂ ಕಡಲೆಕಾಯಿ ಬಿತ್ತಿದಳು. ಆದರೆ ಯಾವ ಜೀಪಿನ ಸದ್ದು ಕೇಳಿದರೂ ಹೊರಗೆ ಬಂದು ನೋಡುವುದನ್ನು ಬಿಡಲಿಲ್ಲ.

ಕೊನೆಯ ಸಲ ಅವಳನ್ನು ನೋಡಿದ್ದು ಧರ್ಮಪುರಿಯ ಆಸ್ಪತ್ರೆಯಲ್ಲಿ. ಹತ್ತಿರ ಕರೆದು ಅಂಗಿ ಹಿಡಿದೆಳೆದಳು.

"ಲೇ, ನನ್ನ ಊರಾಚೆ ಒಯ್ಬ್ಯಾಡ್ರಿ. ಆ ತೂತಿನ ಪಕ್ಕದಾಗೇ ಮಣ್ ಮಾಡ್ರಿ. ಕೊರೆಯಾಕೆ ಬಂದೋರು ಮೊದ್ಲು ನನ್ನ ಎಬ್ಬಿಸಿ ಕೇಳ್ಲಿ."

ಅಲ್ಲೇ ಮಣ್ಣು ಮಾಡಿದೆವು. ಇನ್ನೂ ಯಾರೂ ಕೇಳಲು ಬಂದಿಲ್ಲ.