ಅಕ್ಕ ಆರಿಸಿದ ಹಳೇ ಟ್ರ್ಯಾಕ್ಟರ್

ನಮ್ಮ ಹೊಲದಲ್ಲಿ ದೊಡ್ಡ ಕೆಲಸ ಅಂತ ಇದ್ದದ್ದು ಬೇಸಿಗೆಯಲ್ಲಿ ನೇಗಿಲು ಹೊಡೆಯುವುದು ಒಂದೇ. ಉಳಿದದ್ದೆಲ್ಲ ಸಣ್ಣ ಕೆಲಸ, ಆದರೆ ಎಂದೂ ಮುಗಿಯುತ್ತಿರಲಿಲ್ಲ. ತಿಪ್ಪೆಯ ಗೊಬ್ಬರ ಹೇರಬೇಕು, ಬಾವಿಯಿಂದ ಬ್ಯಾರಲ್ಲಿನಲ್ಲಿ ನೀರು ತರಬೇಕು, ಒಡ್ಡಿಗೆ ಕಲ್ಲು ಸಾಗಿಸಬೇಕು, ಜೋಳದ ಒಣದಂಟು, ಅಂದರೆ ಕಣಿಕಿ, ತಂದು ಬಣವಿ ಒಟ್ಟಬೇಕು. ಬಬಲೇಶ್ವರದ ಹತ್ತಿರದ ಆ ಹೊಲದಲ್ಲಿ ಇದನ್ನೆಲ್ಲ ಒಂದು ಜೋಡಿ ಎತ್ತು, ಒಬ್ಬ ಆಳು ಸೇರಿ ಮಾಡುತ್ತಿದ್ದರು. ಆಳು ಮಗಳ ಊರಿಗೆಂದು ಹೋದವನು ಅಲ್ಲೇ ನಿಂತುಬಿಟ್ಟ. ಎತ್ತುಗಳಲ್ಲಿ ಒಂದಕ್ಕೆ ವಯಸ್ಸಾಗಿ, ನೊಗ ಇಟ್ಟರೆ ಹೆಗಲು ಹುಣ್ಣಾಗುತ್ತಿತ್ತು. ಇದು ಎಪ್ಪತ್ತರ ದಶಕದ ನಡುವಿನ ಮಾತು. ವಿಜಯಪುರಕ್ಕೆ ಆಗ ನಾವೆಲ್ಲ ವಿಜಾಪುರ ಅನ್ನುತ್ತಿದ್ದೆವು.

ಅಪ್ಪ, ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾನು ಮತ್ತು ನನಗಿಂತ ದೊಡ್ಡವಳಾದ ಅಕ್ಕ. ಅಕ್ಕನ ಗಂಡ ಮಿಲಿಟರಿಯಲ್ಲಿದ್ದರು. ಅವರನ್ನು ನಾನು ಮಾಮಾ ಅನ್ನುತ್ತಿದ್ದೆ. ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದರು. ಅವರಿಗೆ ಸ್ವಂತ ಹೊಲ ಇರಲಿಲ್ಲ, ಹಾಗಾಗಿ ಅಕ್ಕ ಲಗ್ನವಾದ ಮೇಲೂ ತವರಿನ ಒಕ್ಕಲುತನವನ್ನೇ ನೋಡಿಕೊಂಡಿದ್ದಳು. ನನ್ನ ಎಡಗಾಲು ಸಣ್ಣಂದಿನ ಜ್ವರದಲ್ಲಿ ಸೋತಿತ್ತು. ಕೋಲು ಹಿಡಿದು ಎಲ್ಲ ಕಡೆ ಓಡಾಡುತ್ತಿದ್ದೆ, ಊರ ಹಿಟ್ಟಿನ ಗಿರಣಿಯ ಇಂಜಿನ್ ರಿಪೇರಿಯಿಂದ ಹಿಡಿದು ಕುಳಿತು ಮಾಡುವ ಕೆಲಸ ಯಾವುದನ್ನೂ ಬಿಡುತ್ತಿರಲಿಲ್ಲ. ಆದರೆ ನೇಗಿಲ ಹಿಂದೆ ನಡೆಯುವುದು ನನ್ನಿಂದ ಆಗುತ್ತಿರಲಿಲ್ಲ.

ಒಂದು ಸಂಜೆ ಎತ್ತಿನ ಹೆಗಲಿಗೆ ಅರಿಷಿಣ, ಎಣ್ಣೆ ಹಚ್ಚುತ್ತ ಅಕ್ಕ ಹೇಳಿದಳು.

"ತಮ್ಮಾ, ಇನ್ನ ಎತ್ತ ಕೊಳ್ಳೂದು ಬ್ಯಾಡ. ಹಳೇದೊಂದು ಟ್ರ್ಯಾಕ್ಟರ್ ನೋಡೂಣು."

"ಹೊಡಿಯವರು ಯಾರು? ನನ್ನ ಕಾಲು ಕ್ಲಚ್ ತುಳಿಯಂಗಿಲ್ಲ."

"ನಾ ಹೊಡಿತೇನಿ."

ಚೇಷ್ಟೆ ಅಂದುಕೊಂಡೆ. ಅವಳು ಎಣ್ಣೆಯ ಬಟ್ಟಲು ಕೆಳಗಿಟ್ಟು ನನ್ನ ಮುಖ ನೋಡಿದಳು. "ಚಕ್ಕಡಿ ಹೊಡಿಯಾಕ ಬರ್ತೈತಿ. ಇದೂ ಬರ್ತೈತಿ. ನೀ ಜೋಡಿ ಬಾ, ಇಂಜಿನ್ ನೋಡು. ನಾ ಉಳಿದದ್ದು ನೋಡತೇನಿ."

ಹೊಸ ಟ್ರ್ಯಾಕ್ಟರಿಗೆ ಆಗ ಹೆಸರು ಹಚ್ಚಿ ಬಹಳ ಕಾಯಬೇಕಿತ್ತು. ಹಳೆಯದು ಬೇಕೆಂದರೆ ವಿಜಾಪುರಕ್ಕೆ ಹೋಗಿ ವಿಚಾರಿಸಬೇಕು. ಸ್ಟೇಷನ್ ರಸ್ತೆಯ ಕಡೆ ಒಂದು ಗ್ಯಾರೇಜಿನಲ್ಲಿ ಒಂದಿದೆ ಎಂದು ತಿಳಿದು, ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಗೇಟಿನೊಳಗೆ ಕಾಲಿಟ್ಟ ಕೂಡಲೇ ನನ್ನ ಮನಸ್ಸು ಹೋಯಿತು. ಆನೆಯಂಥ ಟ್ರ್ಯಾಕ್ಟರ್. ನೀಲಿ ಬಣ್ಣ ಎಷ್ಟು ಹೊಸದೆಂದರೆ ಬೋಲ್ಟುಗಳ ಮೇಲೂ ನೀಲಿ, ರಬ್ಬರ್ ಪೈಪಿನ ಮೇಲೂ ನೀಲಿ. ಇದರ ಮಡ್‌ಗಾರ್ಡಿನ ಮೇಲೆ ಕುಳಿತು ಊರೊಳಗೆ ಬಂದರೆ ಹೇಗೆ ಕಾಣುತ್ತೇನೆ ಅನ್ನುವುದನ್ನೇ ನಾನು ಯೋಚಿಸುತ್ತಿದ್ದೆ. ಅಕ್ಕ ಸೀರೆಯ ಕಚ್ಚೆ ಬಿಗಿದು ಹತ್ತಿ ಕುಳಿತಳು. ಕ್ಲಚ್ಚಿಗೆ ಕಾಲು ಮುಟ್ಟಲಿಲ್ಲ. ಸೀಟಿನ ತುದಿಗೆ ಜಾರಿದ ಮೇಲೆ ಹೆಬ್ಬೆರಳಷ್ಟೇ ಮುಟ್ಟಿತು.

ಗ್ಯಾರೇಜಿನ ಮಾಲೀಕರು ನಕ್ಕರು. "ನೀವ್ಯಾಕ ಹತ್ತತೀರಿ ಅಕ್ಕಾರ? ಡ್ರೈವರನ್ನ ಕರ್ಕೊಂಡು ಬರ್ರಿ."

"ನಾನಽ ಡ್ರೈವರ್ ಇದ್ದೇನ್ರಿ," ಅಂದಳು ಅಕ್ಕ. ಅವರು ಮತ್ತೆ ನಗಲಿಲ್ಲ, ನಂಬಲೂ ಇಲ್ಲ.

ಒಂದೇ ಸಲಕ್ಕೆ ಇಂಜಿನ್ ಚಾಲೂ ಆಯಿತು. ನಾನು ಮೊದಲೇ ಬಾನೆಟ್ ಮೇಲೆ ಕೈ ಇಟ್ಟು ನೋಡಿದ್ದೆ, ಬಿಸಿಯಾಗಿತ್ತು. ಅಂದರೆ ನಾವು ಬರುವ ಮುಂಚೆ ಓಡಿಸಿಟ್ಟಿದ್ದರು. ತಣ್ಣಗಿದ್ದಾಗ ಅದು ಹೇಗೆ ಏಳುತ್ತದೆ ಎಂಬುದು ಗೊತ್ತಾಗಬೇಕಿತ್ತು. ಅಕ್ಕನ ಕಿವಿಯಲ್ಲಿ ಹೇಳಿದೆ.

"ನಾಳೆ ಮುಂಜಾನೆ ಬರ್ತೇವ್ರಿ," ಅಂದಳು ಅಕ್ಕ. "ನಾವು ಬರೂತನಕ ಚಾಲೂ ಮಾಡಬ್ಯಾಡ್ರಿ."

ಆ ರಾತ್ರಿ ವಿಜಾಪುರದಲ್ಲೇ ಪರಿಚಯದವರ ಮನೆಯಲ್ಲಿ ಉಳಿದು, ಬೆಳಗ್ಗೆ ಚಹಾ ಕೂಡ ಕುಡಿಯದೆ ಹೋದೆವು. ಓಣಿಯ ತಿರುವಿಗೆ ಬರುವಷ್ಟರಲ್ಲೇ ಇಂಜಿನ್ನಿನ ಸಪ್ಪಳ ಕೇಳಿಸಿತು. ಅಕ್ಕ ಅಲ್ಲಿಂದಲೇ ತಿರುಗಿದಳು. "ನಡಿ, ಚಹಾ ಕುಡಿಯೂಣು."

ಎರಡನೆಯದು ಇಟ್ಟಂಗಿಹಾಳದ ಒಬ್ಬ ರೈತರದು. ಅದು ಅಕ್ಕನಿಗೆ ಬಹಳ ಹಿಡಿಸಿತು. ಸೀಟು ತಗ್ಗು, ಕ್ಲಚ್ ಹಗುರ, ಸ್ಟೇರಿಂಗ್ ಬೆರಳಲ್ಲಿ ತಿರುಗುತ್ತಿತ್ತು. ಇಳಿಯಲೊಲ್ಲಳು. ನಾನು ಎಣ್ಣೆ ನೋಡುವ ಕಡ್ಡಿ ಎಳೆದೆ. ಕಡ್ಡಿಗೆ ಅಂಟಿದ್ದ ಎಣ್ಣೆ ಹಾಲು ಹೆಚ್ಚಾದ ಚಹಾದ ಬಣ್ಣಕ್ಕಿತ್ತು.

"ಯಕ್ಕಾ, ಇದು ಬ್ಯಾಡ. ಎಣ್ಣ್ಯಾಗ ನೀರು ಕೂಡೇತಿ."

"ಎಣ್ಣಿ ಬದಲಿ ಮಾಡಿದ್ರಾತು."

"ಎಷ್ಟ ಸಲ ಬದಲಿ ಮಾಡ್ತಿ? ನೀರು ಒಳಗಿಂದ ಬರಾಕತ್ತೈತಿ. ಇಂಜಿನ್ ಬಿಚ್ಚಬೇಕಾಗತೈತಿ."

ಕೊನೆಗೆ ಅವಳು ಇಳಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ನನ್ನ ಮೇಲಿನ ಸಿಟ್ಟಲ್ಲ, ಸಿಕ್ಕಿದ್ದು ಕೈತಪ್ಪಿತಲ್ಲ ಅನ್ನುವ ಬೇಸರ. ಶೇಂಗಾ ತಂದುಕೊಟ್ಟೆ, ತಿನ್ನಲಿಲ್ಲ. ಅವಳಿಗೆ ಈ ಕೆಲಸ ಎಷ್ಟು ಬೇಕಾಗಿದೆ ಅನ್ನುವುದು ನನಗೆ ಆಗ ಅರ್ಥವಾಯಿತು.

ತಿಕೋಟಾದ ಸಾಹೇಬರೊಬ್ಬರು ಟ್ರ್ಯಾಕ್ಟರ್ ಮಾರುತ್ತಾರೆಂಬ ಸುದ್ದಿ ಸಿಕ್ಕಿದ್ದು ಕೆಲ ದಿನದ ಮೇಲೆ, ಸಂತೆಯಲ್ಲಿ. ಅವರು ನಾಲ್ಕಾರು ತಲೆಮಾರಿನಿಂದ ಅಲ್ಲೇ ಒಕ್ಕಲುತನ ಮಾಡಿದ ಮುಸ್ಲಿಂ ಮನೆತನದವರು. ಜೋಳ ಬಿತ್ತುತ್ತಿದ್ದ ಹೊಲಕ್ಕೆಲ್ಲ ದ್ರಾಕ್ಷಿ ಹಚ್ಚಿದ್ದರು. ಕಲ್ಲುಕಂಬ ನೆಟ್ಟು, ತಂತಿ ಎಳೆದು ಚಪ್ಪರ ಹಾಕಿದ ಮೇಲೆ ಟ್ರ್ಯಾಕ್ಟರ್ ಒಳಗೆ ಹೋಗದಂತಾಗಿತ್ತು, ಹೊಗೆಯ ಕೊಳವೆ ತಂತಿಗೆ ತಾಗುತ್ತಿತ್ತು. ಮಾರುವುದಕ್ಕೆ ಇದೇ ಕಾರಣ.

ನಾವು ಹೋದಾಗ ಅವರು ಅದರ ಮೇಲೇ ಇದ್ದರು. ಹಿಂದೆ ಟ್ರೇಲರ್ ತುಂಬ ಗೊಬ್ಬರ. ಕೈಯೆತ್ತಿ ನೆರಳು ತೋರಿಸಿದರು. "ಕುಂದರ್ರಿ. ಇದೊಂದು ಖೇಪು ಹಾಕಿ ಬರ್ತೇನಿ."

ಆ ಮಾತು ಅಕ್ಕನಿಗೆ ಬಹಳ ಸೇರಿತು. ನೆರಳಿಗೆ ಕೂರಲಿಲ್ಲ, ಟ್ರೇಲರ್ ಹಿಂದೆಯೇ ನಡೆದು ಹೋದಳು. ಏರಿನಲ್ಲಿ ಹೇಗೆ ಎಳೆಯುತ್ತದೆ, ಹೊಗೆ ಯಾವ ಬಣ್ಣ, ಗೇರ್ ಬದಲಿಸುವಾಗ ಏನು ಸಪ್ಪಳ, ಎಲ್ಲ ನೋಡಿಬಂದಳು. ನೋಡುವುದಕ್ಕೆ ಅದು ಚಂದ ಇರಲಿಲ್ಲ. ಮಡ್‌ಗಾರ್ಡ್ ಒಂದು ಕಡೆ ಮುದುಡಿತ್ತು. ಮೂಲದ ಬಣ್ಣ ಕೆಂಪಿರಬೇಕು, ಉಳಿದದ್ದು ತುಕ್ಕಿನ ಬಣ್ಣ. ಸೀಟಿಗೆ ಗೋಣಿಚೀಲ ಸುತ್ತಿದ್ದರು. ಆದರೆ ಕಡ್ಡಿಯ ಎಣ್ಣೆ ಕಪ್ಪಗೆ, ನೀರು ಬೆರೆಯದೆ ಸರಿಯಾಗಿತ್ತು. ಸಾಮಾನು ವಿಜಾಪುರದಲ್ಲೇ ಸಿಗುವಂಥ ಟ್ರ್ಯಾಕ್ಟರ್. ತಪ್ಪುಗಳನ್ನು ಸಾಹೇಬರೇ ಹೇಳಿದರು. ಬ್ಯಾಟರಿ ಸೋತಿದೆ, ಇಳಿಜಾರಿನಲ್ಲಿ ನಿಲ್ಲಿಸಿ ಉರುಳಿಸಿ ಚಾಲೂ ಮಾಡಬೇಕು. ಬ್ರೇಕ್ ತುಳಿದರೆ ಬಲಕ್ಕೆ ಎಳೆಯುತ್ತದೆ. ನೇಗಿಲು ಕಟ್ಟುವ ಹಿಂದಿನ ಲಿಫ್ಟ್ ಎತ್ತಿದರೆ ತಾನಾಗಿ ನಿಧಾನಕ್ಕೆ ಕೆಳಗಿಳಿಯುತ್ತದೆ.

"ನಿಮಗ ಏನ ಕೆಲಸಕ್ಕ ಬೇಕು?" ಅಂತ ಕೇಳಿದರು.

"ಗೊಬ್ಬರ, ನೀರು, ಕಣಿಕಿ," ಅಂದಳು ಅಕ್ಕ. "ನಾನಽ ಹೊಡಿತೇನ್ರಿ."

ಸಾಹೇಬರು ನನ್ನ ಕಡೆ ನೋಡಿದರು, ನನ್ನ ಕೋಲಿನ ಕಡೆ ನೋಡಿದರು. ಚಪ್ಪರದ ಕೆಳಗೆ ಬಳ್ಳಿ ಕಟ್ಟುತ್ತಿದ್ದ ಅವರ ಹೆಂಡತಿ ಅಲ್ಲಿಂದಲೇ ಅಂದರು. "ಹತ್ತಿ ತುಳದು ನೋಡ್ಲಿ ಬಿಡ್ರಿ. ನೋಡಿದ್ರ ಸವೀತೈತೇನು?"

ಅಕ್ಕ ಹತ್ತಿದಳು. ಕ್ಲಚ್ ಕಾಲಿಗೆ ಎಟುಕಿತು, ಆದರೆ ಬಿಗಿ. ಕುಳಿತು ತುಳಿದರೆ ಅಲುಗಲಿಲ್ಲ. ಸೀಟಿನಿಂದ ಎದ್ದು ಪೂರ್ತಿ ಭಾರ ಹಾಕಿದಾಗ ಕೆಳಗಿಳಿಯಿತು. ಬೆವರೊರೆಸಿಕೊಂಡು ಸಾಹೇಬರಿಗೆ ಹೇಳಿದಳು. "ಇದನ್ನ ತಗೋತೇವ್ರಿ. ಆದ್ರ ಕಲಿತು ಒಯ್ತೇನಿ. ನಿಮ್ಮ ಗೊಬ್ಬರ ನಾನಽ ಹಾಕಿ ಕೊಡತೇನಿ."

ಸಾಹೇಬರು ಒಪ್ಪಿದರು. ತಿಕೋಟಾದಲ್ಲಿ ನಮ್ಮ ಬೀಗರದೊಂದು ಮನೆಯಿತ್ತು, ಅಲ್ಲಿ ಉಳಿದುಕೊಂಡೆವು. ಊರಲ್ಲಿ ದನಗಳನ್ನು ಪಕ್ಕದ ಮನೆಯವರು ನೋಡಿಕೊಂಡರು. ದಿನಾ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ತೋಟಕ್ಕೆ ಹೋಗುವುದು. ಸಾಹೇಬರ ಹೆಂಡತಿಯನ್ನು ಅಕ್ಕ ಚಾಚಿ ಅನ್ನತೊಡಗಿದಳು. ಮೊದಲ ದಿನ ಚಾಚಿ ಮಜ್ಜಿಗೆಯ ಚರಿಗೆ ಹಿಡಿದು ನಿಂತು, "ನಮ್ಮ ಮನೀದು ಕುಡೀತೀಯೇನವ್ವಾ?" ಅಂತ ಕೇಳಿದರು. ಅಕ್ಕ ಚರಿಗೆ ಎತ್ತಿ ಅರ್ಧ ಕುಡಿದು ನನ್ನ ಕೈಗೆ ಕೊಟ್ಟಳು. ಮರುದಿನದಿಂದ ಯಾರೂ ಕೇಳಲಿಲ್ಲ.

ಮುಂದಕ್ಕೆ ಹೊಡೆಯುವುದು ಅವಳಿಗೆ ಬೇಗ ಬಂತು. ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ಬರುವುದು ಬರಲಿಲ್ಲ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ಹಾಗೇ ಹಿಂದಕ್ಕೆ ಬರುತ್ತ, ನಾನು ಕೂಗುತ್ತಿದ್ದಂತೆಯೇ, ಚಪ್ಪರದ ಮೂಲೆಯ ಕಂಬಕ್ಕೆ ಹೊಡೆದಳು. ಕಲ್ಲು ನಡುವಿಗೆ ಮುರಿಯಿತು. ತಂತಿ ಸಡಿಲಾಗಿ, ಎಳೆಯ ಬಳ್ಳಿಯೊಂದು ಅದರ ಸಮೇತ ನೆಲಕ್ಕೆ ಬಂತು.

ಅಕ್ಕ ಇಂಜಿನ್ ಬಂದ್ ಮಾಡಿ ಇಳಿದು, ಬದುವಿನ ಮೇಲೆ ಹೋಗಿ ಕುಳಿತಳು. ಅಳಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಮುರಿದ ಕಂಬವನ್ನೇ ನೋಡುತ್ತಿದ್ದಳು. ನಾನು ಹತ್ತಿರ ಹೋದರೆ, "ಊರಿಗೆ ಹೋಗೂಣು ನಡಿ," ಅಂದಳು. ಸಾಹೇಬರು ದೂರ ನಿಂತಿದ್ದರು. ಚಾಚಿ ಬಂದರು. ಬಳ್ಳಿಯನ್ನು ಮೆಲ್ಲಗೆ ಎತ್ತಿ, ಬುಡ ಮುಟ್ಟಿ ನೋಡಿದರು.

"ಬಳ್ಳಿ ಬದುಕತೈತಿ. ಕಂಬ ಬ್ಯಾರೇದು ಹಾಕಿದ್ರಾತು," ಅಂದರು. ಆಮೇಲೆ ಟ್ರೇಲರ್ ಕಡೆ ನೋಡಿ, "ಗೊಬ್ಬರ ಇನ್ನೂ ಅದರಾಗ ಐತಿ. ಅದನ್ನ ಯಾರು ಮುಟ್ಟಿಸವ್ರು?"

ಅಕ್ಕ ಸೆರಗನ್ನು ಬಾಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಎದ್ದು ಕಚ್ಚೆ ಬಿಗಿದು ಹತ್ತಿದಳು.

ಗೊಬ್ಬರ ಮುಗಿದ ಮರುದಿನ ಸಾಹೇಬರಿಗೆ ಕೊಡುವುದನ್ನು ಕೊಟ್ಟು, ಟ್ರೇಲರ್ ಸಮೇತ ಹೊರಟೆವು. ನಾನು ಮುದುಡಿದ ಮಡ್‌ಗಾರ್ಡಿನ ಮೇಲೆ ಕುಳಿತೆ. ಸಾಹೇಬರು ಊರ ಹೊರಗಿನವರೆಗೆ ಸೈಕಲ್ಲಿನಲ್ಲಿ ಬಂದು, ಇಳಿಜಾರಿನಲ್ಲಿ ನಿಲ್ಲಿಸುವುದನ್ನು ಮತ್ತೊಮ್ಮೆ ನೆನಪಿಸಿ ಹೋದರು. ದಾರಿಯಲ್ಲಿ ಕುರಿ ಹಿಂಡು, ಚಕ್ಕಡಿಗಳು, ಎಲ್ಲ ಸರಾಗ ದಾಟಿದವು. ಹಳ್ಳದ ಕಿರಿದಾದ ಸೇತುವೆಯ ಮೇಲೆ ಅರ್ಧ ಬಂದಾಗ ಎದುರಿಗೆ ಬಸ್ಸು ಬಂತು. ಬಸ್ಸಿನ ಹಿಂದೆ ಚಕ್ಕಡಿಗಳ ಸಾಲು, ಅದು ಹಿಂದೆ ಸರಿಯುವಂತಿರಲಿಲ್ಲ. ನಾವೇ ಸರಿಯಬೇಕು. ಹಿಂದೆ ಟ್ರೇಲರ್.

ಬಸ್ಸಿನ ಡ್ರೈವರ್ ಇಳಿದು ಬಂದ. "ಅಕ್ಕಾ, ಇಳೀರಿ. ನಾ ತಗದು ಕೊಡತೇನಿ."

"ಎರಡ ಮಿನಿಟ ನಿಲ್ರಿ ಅಣ್ಣಾ."

ಕಿಟಕಿಗಳಲ್ಲೆಲ್ಲ ತಲೆಗಳು. ನಾನು ಇಳಿದು ಹಿಂದೆ ಹೋಗಿ, ಕೋಲೆತ್ತಿ ದಾರಿ ತೋರಿಸಿದೆ. ಮೊದಲ ಸಲ ಟ್ರೇಲರ್ ಗೋಡೆಯ ಕಡೆ ವಾಲಿತು. ಮುಂದಕ್ಕೆ ತಂದು ನೇರ ಮಾಡಿದಳು. ಮತ್ತೆ ಹಿಂದಕ್ಕೆ, ಮತ್ತೆ ವಾಲಿತು. ಯಾರೋ ಸಿಳ್ಳೆ ಹೊಡೆದರು. ಅವಳು ತಿರುಗಿ ನೋಡಲಿಲ್ಲ, ನನ್ನ ಕೋಲಿನ ತುದಿಯನ್ನಷ್ಟೇ ನೋಡುತ್ತಿದ್ದಳು. ಕೊನೆಗೆ ಅದು ಸೊಟ್ಟಸೊಟ್ಟಗೆ, ಆದರೆ ಎಲ್ಲೂ ತಾಗದೆ ಸೇತುವೆಯಿಂದ ರಸ್ತೆಗಿಳಿಯಿತು. ಬಸ್ಸು ದಾಟುವಾಗ ಕಿಟಕಿಯ ಮುದುಕಿಯೊಬ್ಬಳು ಕೂಗಿ ಕೇಳಿದಳು. "ಯಾರ ಮಗಳಽ ನೀ?"

ಅಕ್ಕ ಅಪ್ಪನ ಹೆಸರು ಹೇಳಿದಳು. ಬಸ್ಸಿನ ಸಪ್ಪಳದಲ್ಲಿ ಆ ಮುದುಕಿಗೆ ಕೇಳಿಸಿತೋ ಇಲ್ಲವೋ.

ಊರಲ್ಲಿ ಕೆಲವು ದಿನ ಜನ ಬದುವಿಗೆ ಬಂದು ನಿಂತು ನೋಡಿದರು. ಗೊಬ್ಬರ ಹೇರುವುದನ್ನು ಎಷ್ಟು ದಿನ ನೋಡಲಾದೀತು? ಬರುವುದು ಬಿಟ್ಟರು. ಮುದಿ ಎತ್ತನ್ನೂ ಮಾರದೆ ಇಟ್ಟುಕೊಂಡೆವು. ಆ ಮಳೆಗಾಲಕ್ಕೆ ಮುಂಚೆ ಒಡ್ಡಿನ ಕಲ್ಲೆಲ್ಲ ಹೊಲಕ್ಕೆ ಮುಟ್ಟಿದ್ದವು.

ಮಾಮಾ ರಜೆಗೆ ಬಂದಾಗ ಅಕ್ಕ ಬಸ್ ಸ್ಟ್ಯಾಂಡಿಗೇ ಟ್ರ್ಯಾಕ್ಟರ್ ಒಯ್ದಿದ್ದಳು. ಅವರು ಟ್ರಂಕು ಹಿಡಿದು ಅದನ್ನೂ ಅವಳನ್ನೂ ನೋಡುತ್ತ ನಿಂತರು.

"ನನ್ನ ಕೇಳಲಿಲ್ಲಲ್ಲ," ಅಂದರು.

"ನೀವು ಅಲ್ಲಿದ್ರಿ. ಗೊಬ್ಬರ ಇಲ್ಲಿತ್ತು."

ಟ್ರಂಕು ಟ್ರೇಲರಿಗೆ ಹಾಕಿದರು, ಆದರೆ ತಾವು ಹತ್ತಲಿಲ್ಲ. ಮನೆಯವರೆಗೆ ನಡೆದೇ ಬಂದರು. ಎರಡು ದಿನ ಟ್ರ್ಯಾಕ್ಟರಿನ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಬಾವಿಯ ಕಡೆ ಹೊರಟಾಗ ತಾವಾಗಿಯೇ ಬಂದು ಬ್ಯಾರಲ್ ಹಿಡಿದು ನಿಂತರು. ಆಮೇಲೆ ಅವರಿಗೂ ಅಕ್ಕನೇ ಕಲಿಸಿದಳು.

ಆ ವರ್ಷದ ಜೋಳದ ರಾಶಿಯನ್ನು ಟ್ರ್ಯಾಕ್ಟರಿನಿಂದಲೇ ಮಾಡಿದೆವು. ಕಣದ ತುಂಬ ತೆನೆ ಹರವಿ, ಮೇಲೆ ಸುತ್ತು ಹಾಕುವುದು. ಅಕ್ಕ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬೆಳಗ್ಗೆಯಿಂದ ಸುತ್ತುತ್ತಿದ್ದಳು. ಧೂಳಿನಲ್ಲಿ ಅವಳ ಕಣ್ಣು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಹೊಲದವರು ಬಂದು, ನಾಳೆ ತಮ್ಮ ಕಣಕ್ಕೂ ಬರುತ್ತೀಯಾ ಎಂದು ಕೇಳಿದರು. ಅವಳು ನಿಲ್ಲಿಸದೆಯೇ, "ನಾಳೆ ಅಲ್ಲ, ನಾಡಿದ್ದು," ಅಂದಳು. ಸಂಜೆ ಇಳಿದಾಗ ಕ್ಲಚ್ ತುಳಿದ ಅವಳ ಎಡಗಾಲು ನಡುಗುತ್ತಿತ್ತು. ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತು, ರೊಟ್ಟಿ ಕೇಳಿದಳು.